ಸೂಜಿ ಪುಸ್ತಕ

ರಾಯದುರ್ಗದ ಕೋಟೆಗುಡ್ಡದ ಬಂಡೆಗಳು
ಬೆಳಿಗ್ಗೆ ಎಂಟಕ್ಕೇ ಕಾದಿರುತ್ತವೆ. ಅವುಗಳ ಬುಡದಲ್ಲಿ
ನಮ್ಮ ತಗಡಿನ ಶೆಡ್ಡು, ನಲವತ್ತೆರಡು ಮಿಷನ್ನು,
ಮೂಗಿನೊಳಗೂ ನೀಲಿ ಧೂಳು.
ನನ್ನದು ಗುಮಾಸ್ತಿಕೆ. ಲೆಕ್ಕ ಬರೆಯುವುದು ತೆಲುಗಿನಲ್ಲಿ,
ಬೈಸಿಕೊಳ್ಳುವುದು ಕನ್ನಡದಲ್ಲಿ.

ಒಂದು ಪುಸ್ತಕವಿದೆ, ಮುರಿದ ಸೂಜಿಯದು.
ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ಟೇಪು ಹಚ್ಚಿ
ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆಯಬೇಕು.
ಒಂದು ಮೊನೆ ಜೀನ್ಸಿನೊಳಗೆ ಉಳಿದರೂ
ಅದು ಯಾವುದೋ ಊರಿನ ಯಾವುದೋ ಹುಡುಗನ ತೊಡೆಗೆ.

ನಾಗಭೂಷಣ ಮೇಸ್ತ್ರಿಯ ಕಾಲಕ್ಕೆ ಸೂಜಿಗೆ ಇಪ್ಪತ್ತು ರೂಪಾಯಿ ದಂಡ,
ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಹೆಸರು.
ಹಾಗಾಗಿ ಆ ಮೂರು ವರ್ಷ
ನಮ್ಮಲ್ಲಿ ಸೂಜಿಯೇ ಮುರಿಯಲಿಲ್ಲ.
ತುರುಬಿಗೆ ಹೋಯಿತು, ಎಲೆಅಡಿಕೆ ಚೀಲಕ್ಕೆ ಹೋಯಿತು,
ಡಬ್ಬಿಯಲ್ಲಿ ಉಪ್ಪಿನಕಾಯಿಯ ಕೆಳಗೆ ಕೂತು ಮನೆಗೆ ಹೋಯಿತು.
ಹೊಸ ಸೂಜಿ ಅವರವರೇ ಕೊಂಡು ತಂದರು.
ಪುಸ್ತಕ ಗರಿಗರಿಯಾಗಿತ್ತು.

ಆಮೇಲೆ ಮಾಬುನ್ನಿ ಬಂದಳು,
ಬಳ್ಳಾರಿಯಲ್ಲಿ ಹದಿನಾರು ವರ್ಷ ಹೊಲಿದು ಬೆನ್ನು ಬಾಗಿದವಳು.
ಮೂರನೇ ದಿನ ತಾನೇ ಮಿಷನ್ನಿಗೆ ಕೂತು
ಟಕ್ಕನೆ ಮುರಿದಳು. ಶೆಡ್ಡು ಪೂರಾ ನಿಂತಿತು.
ಮಂಡಿಯೂರಿ, ಬ್ಯಾಟರಿ ಹಿಡಿದು ಮೂರೂ ಚೂರು ಹುಡುಕಿ
ನನ್ನ ಮೇಜಿಗೆ ತಂದಳು. “ಬರಿಯಪ್ಪ. ಮಾಬುನ್ನಿ.
ಹನ್ನೊಂದೂ ಕಾಲು. ಅವಸರ ಮಾಡಿದ್ಲು ಅಂತಾನೂ ಬರಿ.”
ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿದಳು.
ಕೆಂಪು ಪೂರ್ತಿ ಹೋಗಲಿಲ್ಲ.

ಒಂದು ವಾರ ಯಾರೂ ಬರಲಿಲ್ಲ.
ಹತ್ತನೇ ದಿನ ವನ್ನೂರಮ್ಮ ಸೆರಗಿನ ಗಂಟು ಬಿಚ್ಚಿದಳು:
ಒಂದಲ್ಲ, ಹದಿನೇಳು, ಕೆಲವು ತುಕ್ಕು ತಿಂದವು.
ಅವಳ ಹಿಂದೆ ಸಾಲು.
“ಈ ಹೆಂಗಸು ಬಂದ ಮೇಲೆ ಇಷ್ಟು ಮುರೀತಾವಲ್ಲ!”
ಸಾಹುಕಾರರು ಪುಟ ತಿರುವಿ ಗಾಬರಿಯಾದರು.

ಆದರೆ ಪುಟದ ಪಕ್ಕ ಪುಟ ಇಟ್ಟು ನೋಡಿದರೆ
ಹೆಚ್ಚಿನವು ಮುರಿದದ್ದು ಒಂದೇ ಜಾಗದಲ್ಲಿ,
ನಾಲ್ಕು ಹೊಲಿಗೆ ಕೂಡಿ ಬಟ್ಟೆ ಗುಡ್ಡೆಯಾಗುವ ಕವಲಲ್ಲಿ.
“ಇದಕ್ಕೇನು ಮಾಡೋಣ?” ಎಂದು ಕೇಳಿ ಮಾಬುನ್ನಿ ಸುಮ್ಮನೆ ನಿಂತಳು.
ಮೇಲಿನವರು ಕೇಳಿದ ಮೇಲೆ ಸುಮ್ಮನಿರುವುದನ್ನು
ನಾನು ನೋಡಿದ್ದು ಅದೇ ಮೊದಲು.
ಎಷ್ಟೋ ಹೊತ್ತಿನ ಮೇಲೆ ಮೂಲೆಯ ಓಬುಳಮ್ಮ
ಮಿಷನ್ನಿನ ಕೆಳಗಿಂದ ಗುಂಡುಕಲ್ಲು ತೆಗೆದಳು,
ಬೆಳ್ಳುಳ್ಳಿ ಜಜ್ಜುವಂಥದು. ಗುಡ್ಡೆಯ ಮೇಲೆ ಮೂರು ಪೆಟ್ಟು.
ಸೂಜಿ ಹಾದುಹೋಯಿತು, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ.
“ನಾಕು ವರ್ಷದಿಂದ ಮಾಡ್ತೀನಿ,” ಅಂದಳು,
“ಕೇಳಿದ್ರೆ ತಾನೇ ಹೇಳೋದು?”

ಸಾಲಿಗೊಂದು ಕಲ್ಲು ಬಂತು. ಗುಡ್ಡದ್ದೇ, ಬಿಟ್ಟಿ.
ಗಂಟೆಗೆ ಅರವತ್ತು ಇದ್ದದ್ದು ಎಪ್ಪತ್ತಾರಾಯಿತು.
ದಾರದ ಉರುಳೆಯನ್ನು ಎಡಕ್ಕಿಟ್ಟರೆ ತೋಳು ನೋಯುವುದಿಲ್ಲವೆಂದು ಒಬ್ಬಳು,
ಬಾಗಿಲ ಕಡೆಯ ಸಾಲನ್ನು ತಿರುಗಿಸಿದರೆ ಬೆಳಕು ಸಿಗುತ್ತದೆಂದು ಇನ್ನೊಬ್ಬಳು;
ನನಗೂ ಏನೋ ಹೇಳಬೇಕೆನಿಸಿ, ಏನೂ ಹೊಳೆಯದೆ,
ಎಲ್ಲರಿಗೂ ಚಹಾ ತರಿಸಿದೆ.

ಆಗ ಬಂದ, ಸಾಹುಕಾರರ ಭಾಮೈದ, ಫೋನಿನಲ್ಲಿ ಗಡಿಯಾರ ಓಡಿಸುತ್ತ.
“ಎಪ್ಪತ್ತಾರು ಆಗೋದಾದ್ರೆ ತೊಂಬತ್ತು ಯಾಕಾಗಬಾರದು?”
ಗಾಜಿನಾಚೆ ಮಾಬುನ್ನಿಯ ಕೈಗಳಷ್ಟೇ ಕಂಡವು, ಮಾತು ಕೇಳಿಸಲಿಲ್ಲ.
ತೊಂಬತ್ತು ಎಂದು ಬರೆದದ್ದು ಅದೇ ಹಲಗೆಯ ಮೇಲೆ,
ಹಳೆಯ ಕೆಂಪು ಇನ್ನೂ ಕಾಣುವಲ್ಲಿ.
ಕಲ್ಲು ಎತ್ತಿ ಮೂರು ಪೆಟ್ಟು ಹಾಕಲು ಈಗ ಯಾರಿಗೆ ಪುರುಸೊತ್ತು?

ಮಾಬುನ್ನಿ ಮೂವತ್ತೊಂದನೇ ಮಿಷನ್ನಿನಲ್ಲಿ ಹೊಲಿಯುತ್ತಾಳೆ.
ಈ ತಿಂಗಳ ಪುಟ ಖಾಲಿ.
“ಭೇಷ್! ಒಂದೂ ಇಲ್ಲ!” ಎಂದು ಸಾಹುಕಾರರು ಸಹಿ ಹಾಕಿದರು,
ಖಾಲಿ ಜಾಗದ ನಟ್ಟನಡುವೆ.

ನಿನ್ನೆ ಸಂಜೆ ಚಪ್ಪಲಿ ದಾಟಿ ಏನೋ ಚುಚ್ಚಿತು.
ಕಿತ್ತು, ತೊಳೆದು, ಸಹಿಯ ಪಕ್ಕ ಟೇಪು ಹಚ್ಚಿದೆ.
ಮುರಿದವರು: ಗೊತ್ತಿಲ್ಲ.
ಸಿಕ್ಕಿದ ಜಾಗ: ಗುಮಾಸ್ತನ ಹಿಮ್ಮಡಿ.
ಉಳಿದ ಚೂರು: ಎಂದು ಬರೆದು ಪೆನ್ನು ಹಿಡಿದೇ ಕೂತಿದ್ದೆ.
ಹೊರಗೆ ಬಳ್ಳಾರಿ ಲಾರಿಗೆ
ಕಟ್ಟು ಏರಿಸುತ್ತಿದ್ದರು.